ಮೂರು ಪ್ರಿಯದತ್ತ, ಒಂದು ಪರಲೋಕ

ದೇವಮಾತೆಗೆ ಮೂರು ಪ್ರಿಯದತ್ತ ಮಂತ್ರ, ದೇವರಿಗೆ ಒಂದು ಪರಲೋಕ ಮಂತ್ರ. ಇಷ್ಟೇನಾ? ಸಂತ ಅಂತೋಣಿಯವರ ಗುಡಿಯ ಮೆಟ್ಟಿಲ ಮೇಲೆ ನಿಂತು ಇನ್ನಾಸಪ್ಪ ಎಳೆಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ತನ್ನ ಚಪ್ಪಲಿ ಹುಡುಕುತ್ತಿದ್ದ. ಚಪ್ಪಲಿ ಕಾಲ ಬುಡದಲ್ಲೇ ಇತ್ತು. ಒಂದು ವರ್ಷದಿಂದ ಹೊತ್ತು ತಿರುಗಿದ್ದನ್ನು ಈಗ ತಾನೇ ಒಳಗೆ, ಜಾಲರಿ ಹಲಗೆಯ ಮುಂದೆ ಮೊಣಕಾಲೂರಿ, ಸ್ವಾಮಿಗಳ ಕಿವಿಗೆ ಹಾಕಿ ಬಂದಿದ್ದ. ಹಾಕಿ ಬಂದವನಿಗೆ ಹಗುರವಾಗಬೇಕು. ಉಪದೇಶಿ ಚೌರಪ್ಪನವರು ವರ್ಷವರ್ಷವೂ ನಲವತ್ತು ದಿನದ ತಪಸ್ಸುಕಾಲದಲ್ಲಿ ಅದನ್ನೇ ಹೇಳುತ್ತಿದ್ದರು: ಪಾಪಸಂಕೀರ್ತನೆ ಮಾಡಿ ಎದ್ದವನು ಆಗಷ್ಟೇ ಜ್ಞಾನಸ್ನಾನವಾದ ಕೂಸಿನ ಹಾಗೆ ಎಂದು. ಇನ್ನಾಸಪ್ಪನಿಗೆ ಕೂಸಿನ ಹಾಗೇನೂ ಅನ್ನಿಸಲಿಲ್ಲ. ಸಂತೆಯಲ್ಲಿ ಏನನ್ನೋ ಬಿಟ್ಟು ಬಂದು, ಏನೆಂದು ನೆನಪಾಗದೆ ದಾರಿಯಲ್ಲಿ ನಿಂತವನ ಹಾಗೆ ಅನ್ನಿಸಿತು. ಸ್ವಾಮಿಗಳು ಬೈಯುತ್ತಾರೆ, ಎದ್ದು ಹೋಗೆನ್ನುತ್ತಾರೆ, ಎಲ್ಲರೆದುರು ಗುಡಿಯ ಬಾಗಿಲಲ್ಲಿ ತಲೆಗೆ ಮುಳ್ಳು ಕಟ್ಟಿ ನಿಲ್ಲಿಸುತ್ತಾರೆ ಎಂದೆಲ್ಲ ಎಣಿಸಿಕೊಂಡು ಮೂರು ರಾತ್ರಿ ನಿದ್ದೆಗೆಟ್ಟಿದ್ದ. ಅವರು ಬೈಯಲೇ ಇಲ್ಲ. ಒಲೆಯ ಮೇಲಿನ ಹಾಲು ಉಕ್ಕಿಸಿದ್ದಕ್ಕೆ ಹೆಂಡತಿ ಸೂಸಮ್ಮ ಇವನ ಕೈಲಿ ಇದಕ್ಕಿಂತ ಹೆಚ್ಚು ಅನ್ನಿಸಿಕೊಂಡಿದ್ದಳು. ಆ ನೆನಪು ಬಂದದ್ದೇ ಅವನು ಚಪ್ಪಲಿ ಮೆಟ್ಟಿಕೊಂಡು, ಒಳಗೆ ಕೂತು ಪ್ರಾಯಶ್ಚಿತ್ತದ ಮಂತ್ರ ಹೇಳದೆಯೇ, ಕೆಳಗಿಳಿದುಬಿಟ್ಟ. ಮನೆಯಲ್ಲಿ ಹೇಳಿದರಾಯಿತು. ಹೇಳುವುದೇ ಅಷ್ಟು ಎಂದ ಮೇಲೆ ಎಲ್ಲಿ ಹೇಳಿದರೇನು.

ಸ್ವಾಮಿಗಳು ನಿನ್ನೆ ಸಂಜೆಯ ರೈಲಿಗೆ ಬೆಂಗಳೂರಿನಿಂದ ಬಂದವರು. ನಾಳೆ ಗರಿಗಳ ಭಾನುವಾರ. ದೊಡ್ಡಬಳ್ಳಾಪುರದ ಅಂಚಿನ ಈ ಸಣ್ಣ ಗುಡಿಗೆ ಕಾಯಂ ಗುರುಗಳಿಲ್ಲ. ಶಿಲುಬೆಯ ಮೇಲೆ ಸತ್ತ ದೇವರು ಮತ್ತೆ ಎದ್ದ ಪಾಸ್ಕ ಹಬ್ಬದ ಮುಂಚೆ ಒಬ್ಬರು ಬಂದು ಎಲ್ಲರ ಪಾಪ ಕೇಳಿ, ಪ್ರಸಾದ ಕೊಟ್ಟು ಹೋಗುತ್ತಾರೆ. ಯಾರು ಹೋದರು, ಯಾರು ಹೋಗಲಿಲ್ಲ ಎಂಬುದು ಮಧ್ಯಾಹ್ನದೊಳಗೆ ಕೇರಿಗೆಲ್ಲ ಗೊತ್ತಾಗುತ್ತದೆ. ಈ ಸಲದವರಿಗೆ ನೆಗಡಿ. ಜಾಲರಿಯಾಚೆಯಿಂದ ನಶ್ಯದ ವಾಸನೆ ಬರುತ್ತಿತ್ತು. 'ಪಕ್ಕದ ಮನೆ ಹೆಣ್ಣುಮಗಳನ್ನ ಕೊಂದೆ ಸ್ವಾಮಿ, ನನ್ನ ಹೆಂಡ್ತೀನೂ ಕೊಂದೆ' ಎಂದಾಗ ಆ ಕಡೆ ಮೂಗು ಏರಿಸುವ ಸದ್ದು ನಿಂತಿತ್ತು. 'ಹೇಗೆ ಕೊಂದೆ?' 'ನಮ್ಮನೇಲಿ ಇಲಿ ಬಿತ್ತು ಸ್ವಾಮಿ. ಯಾರಿಗೂ ಹೇಳ್ಲಿಲ್ಲ.' ನಶ್ಯದ ಡಬ್ಬಿ ಮುಚ್ಚಿದ ಸದ್ದು. ಆಮೇಲೆ, 'ಹೇಳಿದ್ರೆ ಅವರು ಬದುಕ್ತಿದ್ರು ಅಂತ ನಿನಗೆ ಗೊತ್ತಾ?' 'ಗೊತ್ತಿಲ್ಲ.' 'ಹೇಳದೆ ಇದ್ರೆ ಸಾಯ್ತಾರೆ ಅಂತ ಗೊತ್ತಿತ್ತಾ?' ಇದಕ್ಕೆ ಇಲ್ಲ ಎನ್ನಬಹುದಿತ್ತು. ಸ್ವಾಮಿಗಳು ಇಲ್ಲ ಎನ್ನಿಸಲೆಂದೇ ಕೇಳಿದ ಹಾಗಿತ್ತು. 'ಯಾರಾದ್ರೂ ಸಾಯ್ಬೋದು ಅಂತ ಗೊತ್ತಿತ್ತು. ನಮ್ಮೋರಲ್ಲ ಅನ್ಕೊಂಡೆ' ಎಂದುಬಿಟ್ಟ. 'ಅದೇ ನಿನ್ನ ಪಾಪ, ಮಗು. ಅದನ್ನ ದೇವರ ಕೈಗೆ ಕೊಡು. ಮಿಕ್ಕಿದ್ದು ನಿನ್ನದಲ್ಲ.' ಮಿಕ್ಕಿದ್ದು ಎಂದರೆ ಯಾವುದು? ಎರಡು ಹೆಣವೋ? ಅವನ್ನು ಮಿಕ್ಕಿದ್ದು ಎನ್ನುತ್ತಾರೆಯೇ? ಕೇಳುವ ಧೈರ್ಯವಾಗಲಿಲ್ಲ. ಬದಲಿಗೆ, ಪಕ್ಕದ ಮನೆಯವನಿಗೆ ಹೇಳಲೇಬೇಕಾ ಎಂದು ಕೇಳಿದ. 'ನಾನು ಕಟ್ಟು ಹಾಕೋಲ್ಲ. ಅವನಿಗೆ ನೆಮ್ಮದಿ ಆಗೋ ಹಾಗಿದ್ರೆ ಹೇಳು. ನಿನಗೆ ನೆಮ್ಮದಿ ಆಗಲಿ ಅಂತ ಹೋಗಿ ಹೇಳ್ಬೇಡ.' ಆಮೇಲೆ ಲತೀನಿನಲ್ಲಿ ಏನೋ ಸರಸರ ಹೇಳಿ, ಕೈಯೆತ್ತಿ ಶಿಲುಬೆ ಗುರುತು ಹಾಕಿ, ಮಂತ್ರಗಳ ಲೆಕ್ಕ ಹೇಳಿ, ಸಮಾಧಾನವಾಗಿ ಹೋಗು ಎಂದರು. ಆ ಲತೀನಿನಲ್ಲೇ ಕ್ಷಮೆ ಇತ್ತಂತೆ. ತನಗೆ ತಿಳಿಯದ ಮಾತಿನಲ್ಲಿ ತನ್ನ ತಪ್ಪು ಹೋಯಿತೆಂದರೆ, ಹೋದದ್ದು ತನಗೆ ತಿಳಿಯುವುದಾದರೂ ಹೇಗೆ.

ದಾರಿಯುದ್ದಕ್ಕೂ ಅವನ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಳ್ಳುತ್ತಲೇ ಇತ್ತು. ಒಂದು ವರ್ಷದಿಂದ ಅದಕ್ಕೆ ಅದೇ ಚಾಳಿ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ತುಳಿಯುತ್ತಿದ್ದಾಗ ಆ ಬೆರಳಿಗೇ ಮೊದಲು ತಾಗಿದ್ದು, ಮೆತ್ತಗೆ, ಒದ್ದೆ ಬಟ್ಟೆ ಬಿದ್ದಿದೆಯೇನೋ ಎನ್ನುವ ಹಾಗೆ. ಬಗ್ಗಿ ನೋಡಿದರೆ ಇಲಿ. ಬೆಕ್ಕು ಹಿಡಿದದ್ದಲ್ಲ, ಗಾಯವಿಲ್ಲ, ತಾನಾಗಿ ಸತ್ತು ಬಿದ್ದದ್ದು. ಇಲಿ ಬಿತ್ತು ಎಂದರೆ ಪ್ಲೇಗು, ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಅಕ್ಕಪಕ್ಕಕ್ಕೆ ಹೇಳಬೇಕು, ಆಮೇಲೆ ಕೇರಿಗೆ. ಸಂಜೆಯೊಳಗೆ ಬೀದಿಗೆ ಬೀದಿಯೇ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂರಬೇಕು. ಮನೆಯ ಹೆಂಚು ಇಳಿಸಿ ಒಳಗೆಲ್ಲ ಬಿಸಿಲು ಬೀಳಿಸಬೇಕು. ಎರಡು ತಿಂಗಳು ಮಗ್ಗ ಮುಟ್ಟುವ ಹಾಗಿಲ್ಲ. ಅಂದು ಮಗ್ಗದ ಮೇಲಿದ್ದದ್ದು ಮಗಳು ಲೂರ್ದಮ್ಮನ ಮದುವೆ ಸೀರೆ, ಕೆಂಪು ಒಡಲು, ಬಿಳಿ ಅಂಚು. ಸೆರಗು ಗೇಣುದ್ದ ಬಾಕಿ. ಮದುವೆ ವಿಭೂತಿ ಬುಧವಾರಕ್ಕೆ ಮುಂಚಿನ ಸೋಮವಾರ. ಬುಧವಾರ ಹಣೆಗೆ ಬೂದಿ ಬಿದ್ದು ತಪಸ್ಸುಕಾಲ ಶುರುವಾದ ಮೇಲೆ ಪಾಸ್ಕ ಹಬ್ಬದ ತನಕ ಗುಡಿಯಲ್ಲಿ ಮದುವೆಯಿಲ್ಲ. ದೇವನಹಳ್ಳಿ ಕಡೆಯ ಗಂಡು. ಆಗಲೇ ಒಂದು ಸಲ ಮುಂದಕ್ಕೆ ಹಾಕಿಸಿದ್ದಾಗಿತ್ತು. ಇನ್ನೊಂದು ಸಲವೆಂದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಗಂಡಿನ ತಂದೆ ಎಲೆಯಡಿಕೆ ಮೆಲ್ಲುತ್ತಲೇ ಹೇಳಿ ಹೋಗಿದ್ದ. ಇನ್ನಾಸಪ್ಪ ಇಕ್ಕಳದಲ್ಲಿ ಇಲಿಯ ಬಾಲ ಹಿಡಿದು, ಹಿತ್ತಲಲ್ಲಿ ಒಡಕು ಮಡಕೆಯಲ್ಲಿಟ್ಟು, ರೇಷನ್ನಿನಲ್ಲಿ ಸಿಕ್ಕಿದ ಸೀಮೆಎಣ್ಣೆಯನ್ನು ಅಷ್ಟೂ ಸುರಿದು ಸುಟ್ಟ. ಸೂಸಮ್ಮ ಬಾಗಿಲಲ್ಲಿ ನಿಂತು ನೋಡಿದಳು. 'ಹೇಳ್ಬಿಡಿ. ಬೇಡ ಇದು. ಅಂಜಿನಮ್ಮನಿಗಾದ್ರೂ ಹೇಳ್ಬಿಡಿ, ಒಂದೇ ಗೋಡೆ' ಎಂದಳು. 'ಮದುವೆ ಆಗೋಗ್ಲಿ, ಸುಮ್ನಿರೇ' ಎಂದ. ಅವಳು ಸುಮ್ಮನಿದ್ದಳು. ಸುಮ್ಮನಿರು ಎಂದರೆ ಸುಮ್ಮನಿರುತ್ತಿದ್ದವಳೇ ಅವಳು. ಮಧ್ಯಾಹ್ನ ಅದೇ ಗುಂಡಿಯಲ್ಲಿ ಕಾಲಿಟ್ಟು ಸೆರಗು ಮುಗಿಸಿದ. ಅಷ್ಟು ಚೆಂದದ ಸೆರಗನ್ನು ಅವನು ಹಿಂದೆಂದೂ ನೇಯ್ದಿರಲಿಲ್ಲ, ಅದೊಂದು ಮಾತನ್ನು ಸ್ವಾಮಿಗಳಿಗೆ ಹೇಳಲು ಮರೆತೇಹೋಯಿತು. ಅದೂ ಪಾಪವೋ ಅಲ್ಲವೋ.

ಮದುವೆಯಲ್ಲಿ ಆರತಿ ಎತ್ತಿದವಳು ಅಂಜಿನಮ್ಮ. ಪಕ್ಕದ ಮನೆಯ ಕೊಂಡಪ್ಪನ ಹೆಂಡತಿ. ಅವಳ ದೇವರು ಬೇರೆ, ಇವರ ದೇವರು ಬೇರೆ, ಆದರೆ ಲೂರ್ದಮ್ಮನಿಗೆ ಮೊದಲು ಜಡೆ ಹಾಕಿದ್ದು, ಮೈನೆರೆದಾಗ ಚಿಗಳಿ ಉಂಡೆ ಕಟ್ಟಿದ್ದು ಎಲ್ಲ ಅವಳೇ. ಮಕ್ಕಳಿಲ್ಲದವಳು. ಗುಡಿಯೊಳಗೆ ಪೂಜೆ ನಡೆಯುವಾಗ ಹೊರಗೆ ಹುಣಸೆಮರದ ಕೆಳಗೆ ನಿಂತು, ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಓಡಿ ಬಂದು ಹುಡುಗಿಯ ಕೆನ್ನೆ ಸವರಿ ನೆಟಿಗೆ ಮುರಿದಿದ್ದಳು. ಆಗ ಅವಳ ಕೈ ಬಿಸಿಯಿತ್ತೆಂದು ಲೂರ್ದಮ್ಮ ಆಮೇಲೆ ಹೇಳಿದಳು. ತಪಸ್ಸುಕಾಲದ ಮೊದಲ ವಾರವೇ ಅಂಜಿನಮ್ಮನಿಗೆ ಕಂಕುಳಲ್ಲಿ ಗೆಡ್ಡೆ ಎದ್ದಿತು. ಬೀದಿಯೆಲ್ಲ ಊರಾಚೆಯ ಗುಡಿಸಲುಗಳಿಗೆ ಹೋಯಿತು. ಕಾಯಿಲೆ ಬಿದ್ದವರ ಗುಡಿಸಲು ದೂರ, ಹೊಂಗೆಮರದ ಆಚೆ. ಅಲ್ಲಿಗೆ ಯಾರೂ ಹೋಗರು. ಸೂಸಮ್ಮ ಮಾತ್ರ ದಿನಕ್ಕೆರಡು ಸಲ ಗಂಜಿ ಕಾಯಿಸಿಕೊಂಡು ಹೋಗುತ್ತಿದ್ದಳು. ಬೇಡವೆನ್ನಲು ಇನ್ನಾಸಪ್ಪನಿಗೆ ಬಾಯಿ ಬರಲಿಲ್ಲ. ಬೇಡವೆಂದರೆ ಯಾಕೆ ಎಂದು ಅವಳು ಅವನ ಮುಖ ನೋಡುತ್ತಿದ್ದಳು. ಅವಳು ಗಂಜಿ ಕುಡಿಸಿದ್ದು ಅಂಜಿನಮ್ಮನಿಗಲ್ಲ, ಗಂಡನ ಪಾಪಕ್ಕೆ ಎಂದು ಅವನಿಗೆ ಆಗಲೂ ಗೊತ್ತಿತ್ತು. ಅಂಜಿನಮ್ಮ ಹೋದಳು. ವಾರದೊಳಗೆ ಸೂಸಮ್ಮನೂ ಹೋದಳು, ತೊಡೆಸಂದಿಯಲ್ಲಿ ಗೆಡ್ಡೆ, ಕಣ್ಣೆಲ್ಲ ಕೆಂಪು. ಕೊನೆಗೆ ಅವಳು ಏನಾದರೂ ಅನ್ನಬಹುದು ಎಂದು ಕಾದು ಕೂತಿದ್ದ. ಅವಳು ನೀರು ಕೇಳಿದಳು, ಲೂರ್ದು ಬಂದಳಾ ಎಂದು ಕೇಳಿದಳು, ಅಷ್ಟೇ. ಅವನನ್ನು ಬೈಯಲಿಲ್ಲ. ಈವರೆಗೂ ಯಾರೂ ಅವನನ್ನು ಬೈದಿಲ್ಲ, ಇವತ್ತು ಸ್ವಾಮಿಗಳೂ ಸೇರಿಕೊಂಡು. ಹೋದ ವರ್ಷ ಗುಡಿಸಲುಗಳ ನಡುವೆ ಮೇಜು ಹಾಕಿ ಪೂಜೆ ಮಾಡಿದ ಬೇರೆ ಗುರುಗಳ ಮುಂದೆ ಕೋಪ, ಸುಳ್ಳು, ಜಪ ತಪ್ಪಿಸಿದ್ದು ಎಂದು ಚಿಲ್ಲರೆ ಪಾಪಗಳನ್ನೆಲ್ಲ ಹೇಳಿ, ಇದೊಂದನ್ನು ನುಂಗಿಕೊಂಡು ಪ್ರಸಾದಕ್ಕೆ ನಾಲಿಗೆ ಚಾಚಿದ್ದ. ಅದು ಅಂಗುಳಿಗೆ ಅಂಟಿಕೊಂಡು ಬಹಳ ಹೊತ್ತು ಇಳಿಯಲೇ ಇಲ್ಲ. ಪಕ್ಕದಲ್ಲಿದ್ದವರು ಭಕ್ತಿಯೆಂದುಕೊಂಡರು.

ಬೀದಿ ತಿರುಗಿದರೆ ಎದುರಿಗೇ ಕೊಂಡಪ್ಪ. ಬೀದಿಯುದ್ದಕ್ಕೆ ಕವೆಗೋಲುಗಳ ಮೇಲೆ ಹಾಸು ಎಳೆದು ಕಟ್ಟಿದ್ದ. ಮಗ್ಗಕ್ಕೆ ಉದ್ದಕ್ಕೆ ಹೂಡುವ ಈ ನೂಲಿಗೆ ಗಂಜಿ ಸವರಿ, ಒಣಗುವುದರೊಳಗೆ ಕುಂಚದಲ್ಲಿ ಎಳೆಯೆಳೆ ಬಿಡಿಸಬೇಕು. ಈ ಬದಿಗೊಬ್ಬ, ಆ ಬದಿಗೊಬ್ಬ, ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ನಡೆಯಬೇಕು. ಒಬ್ಬನೇ ಮಾಡಿದರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಹಾಸು ಹಾಳು. ಹಿಂದೆಲ್ಲ ಎರಡೂ ಮನೆಯ ಹಾಸು ಬಿಡಿಸುತ್ತಿದ್ದವರು ಇವರಿಬ್ಬರೇ. ಈ ಒಂದು ವರ್ಷ ಇನ್ನಾಸಪ್ಪ ಕೂಲಿಯವನನ್ನು ಕರೆಯುತ್ತಿದ್ದ, ಕೊಂಡಪ್ಪ ಹಿಂದೂಪುರದಿಂದ ಭಾವಮೈದನನ್ನು ಕರೆಸುತ್ತಿದ್ದ. ಯಾರೂ ಜಗಳವಾಡಿರಲಿಲ್ಲ. ಎದುರಾದರೆ ಊಟ ಆಯ್ತಾ, ಆಯ್ತು. ಇನ್ನಾಸಪ್ಪ ಅಷ್ಟನ್ನೂ ಕೊಂಡಪ್ಪನ ಮುಂಡಾಸು ನೋಡಿಕೊಂಡೇ ಹೇಳಿ ಮುಗಿಸುತ್ತಿದ್ದ.

'ಇನ್ನಾಸ, ವಸಿ ಕೈ ಹಾಕಯ್ಯ' ಎಂದ ಕೊಂಡಪ್ಪ. ಅವನ ಕೈಯೆಲ್ಲ ಗಂಜಿ. 'ಭಾವಮೈದ ರೈಲಿಗೆ ಬತ್ತೀನಿ ಅಂದೋನು ಬರ್ಲಿಲ್ಲ. ಗಂಜಿ ಸವರಿಬಿಟ್ಟಿದೀನಿ. ಬಿಸ್ಲು ಏರ್ತಾ ಐತೆ.'

ಮಂತ್ರ ಹೇಳುವುದಿದೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಅಷ್ಟುದ್ದದ ಹಾಸು ಬೀದಿಯಲ್ಲಿ ಒಣಗಿ ಕೆಡುತ್ತಿರುವಾಗ ಬೆನ್ನು ತಿರುಗಿಸಿ ಹೋಗುವ ನೇಕಾರ ದೊಡ್ಡಬಳ್ಳಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಇನ್ನಾಸಪ್ಪ ಅಂಗಿ ಬಿಚ್ಚಿ ಜಗುಲಿಯ ಮೇಲೆಸೆದು, ಎದುರು ಬದಿಗೆ ಹೋಗಿ ನಿಂತು ಕುಂಚ ಹಿಡಿದ. ಗಂಜಿಯ ಹುಳಿವಾಸನೆ ಮೂಗಿಗೆ ಹೊಡೆಯಿತು. ಹೊಂಗೆಮರದ ಕಡೆ ಗಂಜಿಯ ಚೊಂಬು ಹಿಡಿದು ನಡೆಯುವ ಸೂಸಮ್ಮ ಕಣ್ಣಿಗೆ ಬಂದಳು. ಕುಂಚ ಎಳೆದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕೈಗೆ ಹಳೆಯ ಲಯ ತಾನಾಗಿ ಬಂತು. ಕೈಗೆ ಏನೂ ಗೊತ್ತಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ. ಅವನು ಮನಸ್ಸಿನಲ್ಲೇ ಪರಲೋಕ ಮಂತ್ರ ಶುರು ಮಾಡಿದ. ಹೆಜ್ಜೆಗೊಂದು ಮಾತು. ಅನ್ನ ಕೊಡೆಂದು ಕೇಳುವಲ್ಲಿಗೆ ಬಂದ, ಮುಂದೆ ನಮ್ಮ ತಪ್ಪು ಮನ್ನಿಸು ಎನ್ನುವಲ್ಲಿಗೆ ಬಂದ. ನಮಗೆ ತಪ್ಪು ಮಾಡಿದವರನ್ನು ನಾವು ಮನ್ನಿಸುವ ಹಾಗೆ. ಅಲ್ಲಿ ನಿಂತುಬಿಟ್ಟಿತು. ತನಗೆ ಯಾರು ತಪ್ಪು ಮಾಡಿದ್ದಾರೆ? ತಾನು ಮನ್ನಿಸುವವರೇ ಇಲ್ಲದಿದ್ದರೆ, ಆ ಲೆಕ್ಕದಲ್ಲಿ ತನಗೆ ಸಿಕ್ಕುವುದೆಷ್ಟು? ಮತ್ತೆ ಮೊದಲಿನಿಂದ ಶುರು ಮಾಡಿದ. ಮತ್ತೆ ಅಲ್ಲಿಗೇ ಬಂದು ನಿಂತ.

'ನಿಮ್ಮ ಸ್ವಾಮಿಗಳು ಬಂದವ್ರಂತೆ' ಎಂದ ಕೊಂಡಪ್ಪ, ಎಳೆಗಳ ಮೇಲಿಂದ ಕಣ್ಣೆತ್ತದೆ.

'ಹೂಂ ಕೊಂಡಣ್ಣ.'

'ಮಾಡಿದ್ದೆಲ್ಲ ಕಿವೀಲಿ ಹೇಳ್ಬೇಕಂತಲ್ಲ.'

'ಹೂಂ.'

'ಹೇಳಿದ್ರೆ ಹೋಗ್ಬಿಡ್ತದಾ?'

ಇನ್ನಾಸಪ್ಪನ ಹೆಬ್ಬೆರಳು ಮಡಚಿಕೊಂಡಿತು. 'ಹೋಗ್ತದೆ ಅಂತಾರೆ.'

'ಅಂತಾರೆ ಅಲ್ಲ ಕಣೋ. ನಿಂಗೆ ಹೋಯ್ತಾ?'

ಗೊತ್ತಾಗಿಬಿಟ್ಟಿದೆ ಇವನಿಗೆ, ಎಂದುಕೊಂಡ ಇನ್ನಾಸಪ್ಪ. ಒಂದು ವರ್ಷ ಕಾದು, ಇವತ್ತೇ, ಗುಡಿಯಿಂದ ಇಳಿದು ಬರುವ ಹೊತ್ತಿಗೇ ಬೀದಿಗೆ ಅಡ್ಡಲಾಗಿ ಹಾಸು ಕಟ್ಟಿಕೊಂಡು ಕೂತಿದ್ದಾನೆ. ಬೈಯಲಿ. ಕಡೆಗೂ ಯಾರಾದರೂ ಬೈಯಲಿ. ಹೆದರಿಕೆಯ ಜೊತೆಯಲ್ಲೇ ಎಂಥದೋ ಆಸೆಯೂ ಆಯಿತು ಅವನಿಗೆ.

'ನಿಂಗಾದ್ರೆ ಸ್ವಾಮಿಗಳವ್ರೆ' ಎಂದ ಕೊಂಡಪ್ಪ. 'ನಾನ್ ಯಾರಿಗೆ ಹೇಳ್ಲಿ? ನಮ್ ಗುಡೀಲಿ ಕಾಯಿ ಒಡಿಸ್ದೆ, ಮುಡಿ ಕೊಟ್ಟೆ. ಅಲ್ಲಿ ಯಾರೂ ಕೇಳೋದಿಲ್ಲ, ಏನ್ ಮಾಡ್ದೆ ಅಂತ. ಕೇಳಿದ್ರೆ ಹೇಳ್ಬೋದಾಗಿತ್ತು.' ಕುಂಚ ನಿಲ್ಲಿಸಿ, ಮೊಣಕೈಯಲ್ಲಿ ಮೂಗೊರೆಸಿಕೊಂಡ. 'ನಿಂಗೇ ಹೇಳ್ಬಿಡ್ತೀನಿ ಇನ್ನಾಸ. ನಿನ್ನ ಮಗಳ ಮದುವೆ ಹಿಂದಿನ ಸಂತೆ ದಿನ, ನಮ್ಮನೆ ಅಟ್ಟದ ಮೇಲಿಂದ ಇಲಿ ಬಿತ್ತು. ಅಂಜಿನಮ್ಮ ಕಸ ಗುಡಿಸ್ತಿದ್ಲು, ಅವಳ ಬೆನ್ನ ಮೇಲೇ ಬಿತ್ತು. ನಾನ್ ಯಾರಿಗೂ ಹೇಳ್ಲಿಲ್ಲ.'

ಸಂತೆ ದಿನ. ಇನ್ನಾಸಪ್ಪನ ಗುಂಡಿಯಲ್ಲಿ ಬಿದ್ದದ್ದು ಸಂತೆಯ ಮಾರನೆಯ ದಿನ. ಮೊದಲು ಅವರ ಮನೆಯಲ್ಲಿ! ಮೊದಲು ಬಂದದ್ದು ಸಂತೋಷ, ಹಸಿದವನ ಮುಂದೆ ಎಲೆ ಹಾಕಿದಷ್ಟು ಸಂತೋಷ. ತಾನಲ್ಲ. ತನ್ನ ಇಲಿಗಿಂತ ಮೊದಲೇ ಸಾವು ಆ ಮನೆಯೊಳಗಿತ್ತು. ಹಾಗಾದರೆ ಬೆಳಿಗ್ಗೆ ಸ್ವಾಮಿಗಳು ಕ್ಷಮಿಸಿದ್ದು ಯಾವುದನ್ನು? ಮಾಡದ ಕೊಲೆಯನ್ನೋ? ಆ ಸಂತೋಷ ಇನ್ನೂ ಪೂರ್ತಿ ಇಳಿದಿರಲಿಲ್ಲ, ಅದರ ಹಿಂದೆಯೇ ಸಿಟ್ಟು ಬಂತು. ಅಂಥ ಸಿಟ್ಟು ಅವನಿಗೆ ಜೀವಮಾನದಲ್ಲಿ ಬಂದಿರಲಿಲ್ಲ. ಈ ಮನುಷ್ಯ ಬಾಯಿ ಮುಚ್ಚಿಕೊಂಡದ್ದಕ್ಕೆ ಅಂಜಿನಮ್ಮ ಕಾಯಿಲೆ ಬಿದ್ದಳು. ಅಂಜಿನಮ್ಮನಿಗೆ ಗಂಜಿ ಕೊಡಲು ಹೋಗಿ ಸೂಸಮ್ಮ ಸತ್ತಳು. ಒಂದು ವರ್ಷ ತಾನು ತನ್ನ ಮುಖಕ್ಕೆ ತಾನೇ ಉಗಿದುಕೊಂಡು ಬದುಕಿದ್ದು ಇವನ ಪಾಲಿನದ್ದು. ಕುಂಚವನ್ನು ಆ ಮುಖಕ್ಕೆ ಬೀಸಬೇಕೆನ್ನಿಸಿತು. ತನಗೆ ತಪ್ಪು ಮಾಡಿದವರು ಯಾರು ಎಂದು ಈಗಷ್ಟೇ ಕೇಳಿಕೊಂಡಿದ್ದನಲ್ಲ. ಇಗೋ, ಮಾರು ದೂರದಲ್ಲಿ ನಿಂತಿದ್ದಾನೆ.

'ಯಾಕ್ ಹೇಳ್ಲಿಲ್ಲ?' ಎಂದ. ಅವನ ದನಿ ಅವನಿಗೇ ಸ್ವಾಮಿಗಳ ದನಿಯ ಹಾಗೆ ಕೇಳಿಸಿತು.

ಕೊಂಡಪ್ಪ ಅವನನ್ನು ವಿಚಿತ್ರವಾಗಿ ನೋಡಿದ, ಇದನ್ನೂ ಕೇಳಬೇಕೇ ಎನ್ನುವ ಹಾಗೆ. 'ಲೂರ್ದು ಮದುವೆ ನಿಂತೋಗ್ತಿತ್ತಲ್ಲ. ನಿಮ್ಮಲ್ಲಿ ಬೂದಿ ಹಚ್ಕೊಂಡ್ ಮೇಲೆ ಆಗಲ್ವಂತಲ್ಲ. ಹೇಳಾಣ ಅಂತ ನಾನ್ ಹೊಸ್ಲು ದಾಟ್ದೆ. ಅಂಜಿನಮ್ಮ ಕೈ ಹಿಡ್ಕೊಂಡ್ಲು. ಹೆಣ್ಣುಮಗು ಮದುವೆ ಒಂದ್ ಆಗೋಗ್ಲಿ, ಆಮೇಲೆ ಹೇಳಾಣ, ಅಲ್ಲೀಗಂಟ ನಮಗೇನೂ ಆಗಾಕಿಲ್ಲ ಅಂದ್ಲು.' ಅಂಟಿದ ಎರಡು ಎಳೆಗಳನ್ನು ಬೆರಳಲ್ಲಿ ಬಿಡಿಸಿದ. 'ಅವಳು ಹೋದ್ಲು, ಅದು ಅವಳೇ ತಂದ್ಕೊಂಡಿದ್ದು ಅಂತ ಎಂಗೋ ಅನ್ಕೋತೀನಿ. ಸೂಸಮ್ಮ ಏನ್ ಮಾಡಿದ್ಲು? ನಮ್ಮನೇಗೆ ಗಂಜಿ ತಂದ್ಲು. ಸೂಸಮ್ಮನ್ನ ನಾನ್ ಕೊಂದೆ ಇನ್ನಾಸ. ನಿಮ್ಮಲ್ಲಿ ಹೇಳಿದ್ರೆ ಹೋಗ್ತದೆ ಅಂತಾರಲ್ಲ, ಅದಕ್ಕೇ ಹೇಳ್ದೆ. ಏನಾದ್ರೂ ಅನ್ನು.'

ಎತ್ತಿದ ಸಿಟ್ಟು ಎಲ್ಲಿಡಬೇಕೆಂದು ತಿಳಿಯದೆ ಇನ್ನಾಸಪ್ಪ ನಿಂತ. ಮಗಳ ಕೆನ್ನೆ ಸವರಿದ ಆ ಬಿಸಿ ಕೈ. ತಾನು ಬಾಯಿ ಮುಚ್ಚಿಕೊಂಡದ್ದೂ ಅದೇ ಮದುವೆಗೆ. ಆದರೆ ತಾನು ತನ್ನ ಮಗಳಿಗಾಗಿ ಮುಚ್ಚಿಕೊಂಡ, ಅವಳು ಪರರ ಮಗಳಿಗಾಗಿ. ಸಾಯುವವರು ನಮ್ಮವರಲ್ಲ ಎಂದು ತಾನು ಅಂದುಕೊಂಡ. ಅವಳು ಲೂರ್ದುವನ್ನು ನಮ್ಮವಳೆಂದುಕೊಂಡೇ ಸತ್ತಳು. ದೊಡ್ಡ ಶುಕ್ರವಾರದ ದಿನ ಶಿಲುಬೆಯ ಮುಂದೆ ಚೌರಪ್ಪನವರು ಓದುತ್ತಿದ್ದುದು ಎಷ್ಟೋ ವರ್ಷಗಳಿಂದ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು. ಅದರದೊಂದು ಮಾತು, ಪರರಿಗಾಗಿ ಪ್ರಾಣ ಕೊಟ್ಟನೆಂಬುದು, ಈಗ ಎದೆಗೆ ಬಂದು ಕೂತಿತು, ಸರಿಯಾಗಿ ಕೂರಲೂ ಇಲ್ಲ. ಎಲ್ಲ ಗೊಂದಲವಾಗಿತ್ತು. ಎದುರಿಗೆ ಕೊಂಡಪ್ಪ ಗಂಜಿಗೈ ಜೋಡಿಸಿ ಕಾಯುತ್ತಿದ್ದ. ಒಂದು ಮಾತು ಸಾಕು. ಮನ್ನಿಸಿದ್ದೇನೆ ಎಂದರೆ ಮಂತ್ರ ಮುಂದಕ್ಕೆ ಹೋಗುತ್ತದೆ, ತಾನು ಕ್ಷಮೆ ಪಡೆದವನೂ ಆಗುತ್ತಾನೆ, ಕೊಟ್ಟವನೂ ಆಗುತ್ತಾನೆ. ತನ್ನ ಇಲಿ ಸ್ವಾಮಿಗಳ ಕಿವಿಯಲ್ಲಿ ಹೂತು ಹೋಗಿದೆ, ಅವರು ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಕಟ್ಟನ್ನೂ ಹಾಕಿಲ್ಲ. 'ಹೋಗ್ಲಿ ಬಿಡು ಕೊಂಡಣ್ಣ' ಎಂದ. 'ಆಗಿದ್ದು ಆಯ್ತು. ನಾನೇನೂ ಮನಸ್ನಾಗಿಟ್ಕೊಂಡಿಲ್ಲ.'

ಕೊಂಡಪ್ಪನ ಮುಖ ನೋಡನೋಡುತ್ತಿದ್ದಂತೆ ಬಿಚ್ಚಿಕೊಂಡಿತು. ದವಡೆ ಸಡಿಲವಾಯಿತು, ಹೆಗಲು ಇಳಿಯಿತು, ಆ ಮುದಿ ಕಣ್ಣುಗಳಿಂದ ನೀರು ತಡೆಯಿಲ್ಲದೆ ಸುರಿಯಿತು. ಅವನು ಒರೆಸಿಕೊಳ್ಳಲೂ ಇಲ್ಲ, ಕೈಯಲ್ಲಿ ಗಂಜಿಯಿತ್ತು. ಬೆಳಿಗ್ಗೆ ಗುಡಿಯ ಮೆಟ್ಟಿಲ ಮೇಲೆ ತನಗೆ ಬರಬೇಕಾಗಿದ್ದ ಮುಖ ಅದು. ತಾನು ಕೊಟ್ಟದ್ದು ಕಳ್ಳ ಮಾತು. ಆದರೂ ಅದು ಆ ಮನುಷ್ಯನಿಗೆ ಮುಟ್ಟಿತ್ತು. ಇನ್ನಾಸಪ್ಪನಿಗೆ ಹೊಟ್ಟೆಕಿಚ್ಚಾಯಿತು, ಅದರ ಹಿಂದೆ ನಾಚಿಕೆಯಾಯಿತು. ಅವನಿಗೆ ನೆಮ್ಮದಿ ಆಗುವ ಹಾಗಿದ್ದರೆ ಹೇಳು ಎಂದಿದ್ದರು. ಈಗ ಹೇಳಿದರೆ ಯಾರಿಗೆ ನೆಮ್ಮದಿ? ಸೂಸಮ್ಮನ ಸಾವನ್ನು ಇವನು ಒಬ್ಬನೇ ಹೊತ್ತಿದ್ದಾನೆ, ಅದರಲ್ಲಿ ಅರ್ಧ ತನ್ನದು. ಅರ್ಧವೋ, ಕಾಲೋ, ಪೂರ್ತಿಯೋ, ಆ ಲೆಕ್ಕ ಇನ್ನು ಯಾವ ಸ್ವಾಮಿಗೂ ಬಿಡಿಸಲಿಕ್ಕೆ ಬರುವುದಿಲ್ಲ. ಹೇಳಿದರೆ ಈ ಮುಖ ಮತ್ತೆ ಮುಚ್ಚಿಕೊಳ್ಳಬಹುದು. ಇನ್ನು ಜನ್ಮದಲ್ಲಿ ಇವನು ಹಾಸು ಬಿಡಿಸಲು ಕರೆಯದೆ ಇರಬಹುದು.

'ನಮ್ಮನೇಲೂ ಬಿದ್ದಿತ್ತು, ಕೊಂಡಣ್ಣ' ಎಂದ. ದನಿ ಸಣ್ಣದಾಗಿತ್ತು. 'ಮಾರನೇ ದಿನ. ಮಗ್ಗದ ಗುಂಡೀಲಿ. ಸುಟ್ಟಾಕ್ಬಿಟ್ಟೆ. ಸೂಸಮ್ಮ ನಿಮಗಾದ್ರೂ ಹೇಳು ಅಂದ್ಲು. ನಾನೇ ಬೇಡ ಅಂದೆ.'

ಕೊಂಡಪ್ಪ ಕುಂಚವನ್ನು ಗಂಜಿಯಲ್ಲಿ ಅದ್ದಿ, ಒದರಿ, ಎಳೆಗಳ ಮೇಲಿಟ್ಟ. 'ಗೊತ್ತು' ಎಂದ.

'ಏನ್ ಗೊತ್ತು?'

'ಹಗಲೊತ್ತು ಸೀಮೆಎಣ್ಣೆ ವಾಸ್ನೆ ಬಂತು. ಕುಪ್ಪಿ ದೀಪಕ್ಕೇ ಎಣ್ಣೆ ಸಿಗದಿರೋ ಕಾಲ್ದಲ್ಲಿ ಹಿತ್ಲಾಗೆ ಯಾರು ಸುಡ್ತಾರೆ? ಅಂಜಿನಮ್ಮ ಮೂಸಿ ನೋಡಿ, ಇನ್ನಾಸಣ್ಣನ ಮನೇಲೂ ಬಿತ್ತು ಕಣ್ರೀ, ಪಾಪ, ಹೆಣ್ಣು ಹೆತ್ತೋರು ಏನ್ ಮಾಡ್ತಾರೆ, ನೀವು ಯಾರಿಗೂ ಅನ್ಬೇಡಿ ಅಂದ್ಲು.'

'ಅವತ್ತೇ ಅಂದ್ಲಾ?'

'ಅವತ್ತೇ.'

ಅವತ್ತೇ. ಅಂದರೆ ಅವನು ಸೆರಗು ಮುಗಿಸುವ ಮೊದಲೇ, ಮಡಕೆಯ ಬೂದಿ ಆರುವ ಮೊದಲೇ, ಗೋಡೆಯ ಆಚೆ ಅದು ಮನ್ನಿಸಿ ಮುಗಿದುಹೋಗಿತ್ತು. ಮನ್ನಿಸಿದವಳು ಆರತಿಯನ್ನೂ ಎತ್ತಿ ಹೋಗಿದ್ದಳು. ಅದಾದ ಮೇಲೆ ಒಂದು ವರ್ಷ ಅವನು ಏನನ್ನು ಹೊತ್ತು ತಿರುಗಿದ?

'ಗೊತ್ತಿದ್ದೂ ನೀನು ಒಂದ್ ಮಾತು ಅನ್ನಲಿಲ್ವಲ್ಲಣ್ಣ!'

'ನಾನೇನ್ ಅನ್ಲಿ? ನೀನೇ ನನ್ ಮೊಕ ನೋಡಾದು ಬಿಟ್ಟೆ. ಸೂಸಮ್ಮನ್ನ ಕೊಂದೋನು ಇವನೇ ಅಂತ ನಿಂಗೆ ಗೊತ್ತಾಗೋಗೈತೆ, ಅದಕ್ಕೇ ಕೂಲಿಯೋನ್ನ ಕರೀತಾನೆ ಅನ್ಕೊಂಡೆ.' ಕೊಂಡಪ್ಪ ಹಾಸನ್ನು ಉಗುರಿನಿಂದ ಮೀಟಿ ನೋಡಿದ. 'ಎಳಿ ಎಳಿ, ಒಣಗ್ತಾ ಐತೆ. ಅಂಟ್ಕೊಂಡ್ರೆ ಇಬ್ರೂ ಸೇರಿ ಬಿಡಿಸಿದ್ರೂ ಬರಾಕಿಲ್ಲ.'

ಎಳೆದರು. ಬಿಸಿಲು ಬೆನ್ನ ಮೇಲೆ ಏರಿತ್ತು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ, ತಿರುಗಿ ಬಂದರು. ಇನ್ನಾಸಪ್ಪನ ತುಟಿ ಅಲ್ಲಾಡುತ್ತಿತ್ತು. ಒಂದು ಪ್ರಿಯದತ್ತ ಮುಗಿಯಿತು, ಇನ್ನೊಂದು ಮುಗಿಯಿತು, ಮೂರನೆಯದೂ ಮುಗಿಯಿತು.

'ಏನ್ ಅಂತಿದೀಯಲಾ?' ಎಂದ ಕೊಂಡಪ್ಪ.

'ಸ್ವಾಮಿಗಳು ಹೇಳು ಅಂದಿದ್ದು. ಪ್ರಾಯಶ್ಚಿತ್ತ.'

'ವಸಿ ಜೋರಾಗಿ ಅನ್ನು. ನನ್ ಕಿವೀಗೂ ಬೀಳ್ಲಿ.'

ಇನ್ನಾಸಪ್ಪ ಗಂಟಲು ಸರಿಮಾಡಿಕೊಂಡು ಪರಲೋಕ ಮಂತ್ರವನ್ನು ಬೀದಿಯಲ್ಲಿ, ಬರಿಮೈಯಲ್ಲಿ, ಕುಂಚ ಎಳೆಯುತ್ತ ಜೋರಾಗಿ ಹೇಳಿದ. ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಎದುರು ಮನೆಯ ಮುನಿವೆಂಕಟಮ್ಮ ಮೊರ ಕೆಳಗಿಟ್ಟು ನೋಡಿದಳು. ಅನ್ನ ಕೇಳುವ ಮಾತು ದಾಟಿತು. ಮನ್ನಿಸುವ ಮಾತಿಗೆ ಬಂದಾಗ ಅವನ ದನಿ ನಿಂತುಹೋಯಿತು. ಕುಂಚವೂ ನಿಂತಿತು. ಎದುರು ಬದಿಯಲ್ಲಿ ಕೊಂಡಪ್ಪನೂ ನಿಲ್ಲಿಸಿದ. ಒಬ್ಬನೇ ಎಳೆಯುವ ಹಾಗಿಲ್ಲ. ಗಂಜಿ ಒಣಗುತ್ತಿತ್ತು, ಆದರೂ ಅವನು ಅವಸರ ಮಾಡಲಿಲ್ಲ. ನೂಲಿನ ಮೇಲೆ ಕೈಯಿಟ್ಟುಕೊಂಡು ಕಾದ. ಇನ್ನಾಸಪ್ಪ ವರ್ಷವಾದ ಮೇಲೆ ಮೊದಲ ಸಲ ತಲೆಯೆತ್ತಿ ಅವನ ಮುಖವನ್ನು, ಮುಂಡಾಸನ್ನಲ್ಲ, ಮುಖವನ್ನೇ ನೋಡಿದ. ಬಹಳ ಮುದುಕನಾಗಿದ್ದ. ಆ ಮಾತನ್ನು ಆ ಮುಖಕ್ಕೇ ಹೇಳಿದ. ಇಬ್ಬರೂ ಕುಂಚ ಎಳೆದರು. ಮಂತ್ರ ಮುಗಿಯಿತು.

ಕೊಂಡಪ್ಪ ಮುಂದೆ ಇನ್ನೂ ಇದೆಯೆಂದು ಕಿವಿಗೊಟ್ಟು ಕೊಂಚ ಹೊತ್ತು ನಡೆದ.

'ಇಷ್ಟೇನಾ?' ಎಂದ.

'ಇಷ್ಟೇ ಅಂತೆ ಕೊಂಡಣ್ಣ' ಎಂದ ಇನ್ನಾಸಪ್ಪ. ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಬಂತು.